ಎಷ್ಟು ಗಂಟೆಗೆ ಶುರುವಾಯ್ತು?

ಸಿಂಕು ಕಟ್ಟಿಕೊಂಡು ನೀರು ಇಳಿಯದಿದ್ದರೆ ಆ ಬೀದಿಯವರು ಕೂಗುವುದು ಇಬ್ಬರು ಅಣ್ಣತಮ್ಮಂದಿರನ್ನು. ಇಬ್ಬರೂ ನಲ್ಲಿ, ಪೈಪು ರಿಪೇರಿ ಮಾಡುವ ಪ್ಲಂಬರ್‌ಗಳು. ಅಣ್ಣನಿಗೆ ದೊಡ್ಡನಲ್ಲಿ, ತಮ್ಮನಿಗೆ ಚಿಕ್ಕನಲ್ಲಿ ಅಂತ ಬೀದಿಯೇ ಹೆಸರಿಟ್ಟಿತ್ತು.

ಅವತ್ತು ಬೆಳಿಗ್ಗೆ ಒಂಬತ್ತು ಗಂಟೆ. ಚಿಕ್ಕನಲ್ಲಿ ಒಂದು ಮನೆಯ ಸಿಂಕಿನ ಕೆಳಗೆ ಅಂಗಾತ ಮಲಗಿ ಪೈಪು ಬಿಚ್ಚುತ್ತಿದ್ದ. ಸ್ಪ್ಯಾನರ್ ಕೈಜಾರಿ ಬಿತ್ತು.

"ಅಣ್ಣಾ, ಬಲಗೈ ಜೋಮು ಹಿಡೀತು."

"ಆ ಸಂದೀಲಿ ಮಲಗಿದ್ರೆ ಜೋಮು ಹಿಡೀದೆ ರೆಕ್ಕೆ ಬರುತ್ತಾ? ಹೋಗು, ಗಾಡೀಲಿ ಸ್ವಲ್ಪ ಮಲ್ಕೋ."

ಸಿಂಕಿನ ಕೆಳಗೆ ಕೈ ಜೋಮು ಹಿಡಿಯುವುದು ಅವರ ಕಸುಬಿನಲ್ಲಿ ದಿನದ ಮಾತು. ತಮ್ಮನ ನಾಲಿಗೆಯೂ ತೊದಲಿತ್ತು. ಅದು ದೊಡ್ಡನಲ್ಲಿಯ ಕಿವಿಗೆ ಬಿತ್ತು, ಮನಸ್ಸಿಗೆ ಹೋಗಲಿಲ್ಲ. ಅವನು ಆ ಮನೆಯ ಕೆಲಸ ಮುಗಿಸಿದ, ಇನ್ನೊಂದು ಮನೆಯದ್ದೂ ಮುಗಿಸಿದ. ಎರಡು ಗಂಟೆಗೆ ಗಾಡಿಯನ್ನು ಮನೆಗೆ ತಂದು ಎಬ್ಬಿಸಿದರೆ ತಮ್ಮನ ಬಾಯಿ ಸೊಟ್ಟಗಾಗಿತ್ತು. ಬಲಗಾಲು ನೆಲಕ್ಕೆ ಊರುತ್ತಿರಲಿಲ್ಲ. ಮಾತೇ ಇಲ್ಲ.

ತಮ್ಮನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಹೊಲಿಗೆ ಮಿಷನ್ ಬಿಟ್ಟು ಓಡಿಬಂದಳು.

"ಭಾವಾ, ಇದು ಲಕ್ವ! ಆಂಬುಲೆನ್ಸ್ ಕರೀರಿ!"

"ಮೊದ್ಲು ಒಂಚೂರು ನೀರು ಕುಡಿಸೋಣ..."

"ಬೇಡ! ನುಂಗೋಕೆ ಆಗದೆ ಶ್ವಾಸಕ್ಕೆ ಹೋದ್ರೆ?"

ಆಂಬುಲೆನ್ಸ್ ಡ್ರೈವರ್ ಲಕ್ವಕ್ಕೆ, ಅಂದರೆ ಸ್ಟ್ರೋಕ್‌ಗೆ, ಚಿಕಿತ್ಸೆ ಇರುವ ಆಸ್ಪತ್ರೆಗೇ ಕರೆದುಕೊಂಡು ಹೋದ. ಬಾಗಿಲಲ್ಲೇ ನರ್ಸ್ ಕೇಳಿದರು, "ಎಷ್ಟು ಗಂಟೆಗೆ ಶುರುವಾಯ್ತು?"

ತಮ್ಮನ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ತಡ ಮಾಡಿದ್ದು ತಾನೇ ಅಂತ ಅವಳ ಮುಂದೆ ಹೇಳಲು ದೊಡ್ಡನಲ್ಲಿಗೆ ನಾಚಿಕೆಯಾಯಿತು. "ಒಂದು ಗಂಟೆ ಸುಮಾರಿಗೆ, ಸಿಸ್ಟರ್."

ಸ್ಕ್ಯಾನ್ ಆಯಿತು. ನರ್ಸ್ ಮತ್ತೆ ಬಂದರು. "ಮೆದುಳಿನ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಒಂದು ಗಂಟೆಗೆ ಅಂದ್ರಲ್ಲ, ಹಾಗಾದ್ರೆ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡಬಹುದು. ತುಂಬ ಹೊತ್ತಾಗಿದ್ರೆ ಮಾತ್ರ ಅದೇ ಇಂಜೆಕ್ಷನ್‌ನಿಂದ ಮೆದುಳಲ್ಲಿ ರಕ್ತ ಸೋರೋ ಭಯ. ಅದಕ್ಕೇ ಇನ್ನೊಂದ್ಸಲ ಕೇಳ್ತಿದೀನಿ. ಒಂದು ಗಂಟೆನೇ ತಾನೆ?"

ಎಷ್ಟು ಹಳೇದು ಅಂತ ತಿಳಿಯದೆ ಪೈಪಿಗೆ ಪ್ರೆಶರ್ ಕೊಟ್ಟರೆ ಒಡೆಯುತ್ತದೆ ಅಂತ ದೊಡ್ಡನಲ್ಲಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಅಲ್ಲ ಸಿಸ್ಟರ್. ಬೆಳಿಗ್ಗೆ ಒಂಬತ್ತು. ನಾನೇ ಜೋಮು ಅಂತ ಮಲಗಿಸಿದೆ."

"ಭಾವಾ..." ಅಂದಳು ಅವಳು.

"ಹೇಳಿದ್ರಲ್ಲ, ಅಷ್ಟು ಸಾಕು," ಅಂದರು ನರ್ಸ್. ಒಳಗೆ ಹೋಗಿ ಡಾಕ್ಟರಿಗೆ ತಿಳಿಸಿ ಬಂದರು. "ಇಂಜೆಕ್ಷನ್ ಬೇಡ. ಮೆದುಳಲ್ಲಿ ಉಳಿಸಿಕೊಳ್ಳೋ ಭಾಗ ಇನ್ನೂ ಇದೆ ಅಂತ ಸ್ಕ್ಯಾನ್ ಹೇಳ್ತಿದೆ. ತೊಡೆಯ ರಕ್ತನಾಳದಿಂದ ಸಣ್ಣ ನಳಿಗೆ ಕಳಿಸಿ ಹೆಪ್ಪನ್ನ ಹೊರಗೆ ಎಳೀತಾರೆ. ಇನ್ನೊಂದು ವಿಷಯ. ಇಲ್ಲಿನ ಡಾಕ್ಟರು ಹೆಪ್ಪು ತೆಗೆಯೋ ಒಂದು ಹೊಸ ಸಾಧನವನ್ನ ಈಗಿರೋದರ ಜೊತೆ ಹೋಲಿಸಿ ಪರೀಕ್ಷೆ ಮಾಡ್ತಿದಾರೆ. ಸೇರ್ತೀರಾ?"

"ಪರೀಕ್ಷೆನಾ? ನನ್ನ ತಮ್ಮ ಏನು ಇಲಿನಾ?" ದೊಡ್ಡನಲ್ಲಿ ರೇಗಿದ.

"ಬೇಡ ಅಂದ್ರೆ ಏನಾಗುತ್ತೆ?" ಅವಳು ಕೇಳಿದಳು.

"ಏನೂ ಆಗಲ್ಲಮ್ಮ. ಈಗಿರೋ ಸಾಧನದಿಂದ ತೆಗೀತಾರೆ, ಚಿಕಿತ್ಸೆ ಕಮ್ಮಿ ಆಗಲ್ಲ. ಸೇರಿದ್ರೆ ಎರಡರಲ್ಲಿ ಯಾವುದು ಅಂತ ಡಾಕ್ಟರೂ ಆರಿಸಲ್ಲ, ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಹೇಳುತ್ತೆ. ಮನಸು ಬದಲಾದ್ರೆ ಯಾವಾಗ ಬೇಕಾದ್ರೂ ಬಿಡಬಹುದು."

ದೊಡ್ಡನಲ್ಲಿ ಬಿಡಲಿಲ್ಲ. "ತಂತಿ ತೂರಿಸಿ ಕಸ ಎಳೆಯೋವಾಗ ಅದು ಒಡೆದು, ಚೂರು ಮುಂದಕ್ಕೆ ಹೋಗಿ ಇನ್ನೆಲ್ಲೋ ಕಟ್ಕೊಳುತ್ತೆ. ನಮ್ಮ ದಿನಾ ತಲೆನೋವೇ ಅದು. ಅದಕ್ಕೇನ್ ಮಾಡ್ತೀರಾ?"

ನರ್ಸ್ ಕಣ್ಣರಳಿಸಿದರು. "ಅಣ್ಣಾ, ಅವರು ಪರೀಕ್ಷೆ ಮಾಡ್ತಿರೋದೇ ಅದನ್ನ! ಈಗಿರೋದು ಜಾಲರಿ, ಹೆಪ್ಪನ್ನ ಹಿಡಿದು ಎಳೆಯುತ್ತೆ. ಹೊಸದು ಹಿಡಿದಮೇಲೆ ಚೀಲದ ಹಾಗೆ ಬಾಯಿ ಮುಚ್ಕೊಳುತ್ತೆ. ಚೂರು ಕಮ್ಮಿ ಹೋಗಬಹುದು ಅಂತ ನಂಬಿಕೆ. ನಿಜಾನಾ? ಇನ್ನೂ ಗೊತ್ತಿಲ್ಲ. ಎರಡರಲ್ಲೂ ಅಪಾಯ ಇದೆ, ಮುಚ್ಚಿಡಲ್ಲ."

"ಗೊತ್ತಿಲ್ಲ ಅಂತ ಒಪ್ಕೊಳೋ ಕೆಲಸಗಾರನ್ನ ನಂಬಬಹುದು," ಅಂದ ದೊಡ್ಡನಲ್ಲಿ.

"ನೀವೇನಂತೀರಾ ಭಾವಾ?"

"ನನ್ನ ಕೇಳ್ಬೇಡಮ್ಮ. ಇವತ್ತು ನನ್ನ ಬುದ್ಧಿ ನೋಡಿದ್ಯಲ್ಲ. ನಿನ್ನ ಗಂಡ, ನೀನು ಹೇಳು."

ಅವಳು ಕಾಗದ ಓದಿ, ಅರ್ಥವಾಗದ್ದನ್ನು ಕೇಳಿ, ಸಹಿ ಹಾಕಿದಳು. ಕಂಪ್ಯೂಟರ್ ಹೇಳಿದ್ದು ಹಳೇ ಸಾಧನವನ್ನೇ.

"ಇಷ್ಟೆಲ್ಲ ಜಗಳ ಆಡಿ ಹಳೇದೇನಾ?" ದೊಡ್ಡನಲ್ಲಿಯ ಮುಖ ಇಳಿಯಿತು.

"ಹಳೇದರಲ್ಲಿ ಏನಾಯ್ತು ಅಂತ ನೋಡದೆ ಹೊಸದು ಮೇಲು ಅಂತ ಯಾರಣ್ಣ ಹೇಳೋದು? ನಿಮ್ಮ ತಮ್ಮಂದೂ ಅಷ್ಟೇ ಮುಖ್ಯ," ಅಂದರು ನರ್ಸ್.

ಹೆಪ್ಪು ಹೊರಗೆ ಬಂತು. ಮೂರು ತಿಂಗಳಾದ ಮೇಲೆ ತಪಾಸಣೆಗೆ ಚಿಕ್ಕನಲ್ಲಿ ತಾನೇ ನಡೆದು ಹೋದ. ಮಾತು ಬಂದಿದೆ, ಅಣ್ಣನನ್ನು ಬೈಯುವಷ್ಟು ಚೆನ್ನಾಗಿಯೇ ಬಂದಿದೆ. ಅಂಗಿ ಗುಂಡಿ ಹಾಕಿಕೊಳ್ಳಲು ಮಾತ್ರ ಬಲಗೈ ಬೆರಳುಗಳು ಇನ್ನೂ ತಡವರಿಸುತ್ತವೆ.

"ಬೇಗ ಬಂದಿದ್ರೆ ಇದೂ ಸರಿಯಾಗ್ತಿತ್ತಾ ಡಾಕ್ಟ್ರೇ?" ದೊಡ್ಡನಲ್ಲಿ ಕೇಳಿದ.

"ಆಗಬಹುದಿತ್ತು," ಅಂದರು ಡಾಕ್ಟರು. ಅವನು ತಲೆ ತಗ್ಗಿಸಿ, ತಮ್ಮನ ಉಳಿದ ಎರಡು ಗುಂಡಿ ಹಾಕಿದ.

ಓದ್ತಿರೋ ಅಕ್ಕ, ಅಣ್ಣ, ನಿಮಗೇ ಹೇಳ್ತಿರೋದು. ಮುಖ ಸೊಟ್ಟಗಾದರೆ, ಒಂದು ಕೈ ಜೋಮು ಹಿಡಿದರೆ ಇಲ್ಲ ಸೋತುಬಿದ್ದರೆ, ಮಾತು ತೊದಲಿದರೆ, ಸರಿಹೋಗುತ್ತೆ ಅಂತ ಮಲಗಿಸಿ ಕಾಯಬೇಡಿ, ಏನನ್ನೂ ಕುಡಿಸಬೇಡಿ. ತಕ್ಷಣ ಆಂಬುಲೆನ್ಸ್ ಕರೀರಿ. ಗಡಿಯಾರ ನೋಡಿ, ಕೊನೆಯದಾಗಿ ಚೆನ್ನಾಗಿದ್ದದ್ದು ಯಾವಾಗ ಅಂತ ನೆನಪಿಟ್ಟುಕೊಳ್ಳಿ. ಹೊಸ ಸಾಧನದ ಪರೀಕ್ಷೆಗೆ ಸೇರ್ತೀರಾ ಅಂತ ಕೇಳಿದರೆ ಹೆದರಬೇಡಿ, ಸುಮ್ಮನೆ ಸಹಿಯೂ ಹಾಕಬೇಡಿ. ಕೇಳಿ. ಬೇಡ ಅನ್ನೋ ಹಕ್ಕೂ ನಿಮ್ಮದೇ. ತಡ ಮಾಡಿದ್ದರೆ ನಾಚಿಕೆ ಆಗುತ್ತೆ, ಆಗಲಿ. ನಿಜವಾದ ಸಮಯವನ್ನೇ ಹೇಳಿ. ನಾಚಿಕೆ ನಾಲ್ಕು ದಿನ ಇರುತ್ತೆ, ಮನೆಯವರು ನಮಗೆ ಬಹಳ ದಿನ ಬೇಕು.