ಟೊಮೆಟೊ ಹಾಡಿದ ಗೊಂಬೆ ಹಾಡು

ಹಾಡು ಹೇಳದೆ ಯಾರ ಮನೆಯ ಬಾಗಿಲಲ್ಲೂ ತಿಂಡಿಗೆ ಕೈ ಚಾಚುವುದಿಲ್ಲ ಎಂದು ಏಳನೇ ವಯಸ್ಸಿನಲ್ಲಿ ಗೌರಮ್ಮಜ್ಜಿಗೆ ಮಾತು ಕೊಟ್ಟಿದ್ದೆ. ಮೈಸೂರಿನಲ್ಲಿ ನವರಾತ್ರಿ ಬಂತೆಂದರೆ ಮಕ್ಕಳೆಲ್ಲ ಸಂಜೆ ಮನೆಮನೆಗೆ ನುಗ್ಗಿ "ಗೊಂಬೆ ಕೂರ್ಸಿದೀರಾ?" ಎಂದು ಕೇಳುತ್ತಿದ್ದೆವು. ಕೂರಿಸಿದವರು ಒಂದು ಹಾಡು ಹೇಳಿಸಿ, ಆಮೇಲೆ ತಿಂಡಿ ಕೊಡುತ್ತಿದ್ದರು. ಅದಕ್ಕೆ ಚರ್ಪು ಎನ್ನುತ್ತೇವೆ. ಆ ವರ್ಷ ನಾನು ನಮ್ಮ ಬೀದಿಯ ನಂಜುಂಡಸ್ವಾಮಿಗಳ ಮನೆಗೆ ಮುಂಬಾಗಿಲಿನಿಂದ ಒಮ್ಮೆ, ತಲೆಗೆ ಟವೆಲು ಸುತ್ತಿಕೊಂಡು ಹಿತ್ತಿಲಿನಿಂದ ಇನ್ನೊಮ್ಮೆ ಹೋಗಿ, ಎರಡು ಸಲವೂ ಹಾಡದೆ ಕೋಡುಬಳೆ ಹೊಡೆದಿದ್ದೆ. ಅಜ್ಜಿ ಕಿವಿ ಹಿಡಿದು ಗೊಂಬೆಗಳ ಮುಂದೆ ನಿಲ್ಲಿಸಿದರು.

"ಹಾಡಿ ಇಸ್ಕೊಂಡ್ರೆ ಚರ್ಪು ಕಣೇ ನಿರುಪಮಾ. ಸುಮ್ನೆ ಇಸ್ಕೊಂಡ್ರೆ ಭಿಕ್ಷೆ. ಆಣೆ ಇಡು."

ಇಟ್ಟೆ. ಹತ್ತು ವರ್ಷ ಉಳಿಸಿಕೊಂಡೆ.

೧೯೮೧ರಲ್ಲಿ ವಿದ್ಯಾರ್ಥಿ ವಿನಿಮಯ ಯೋಜನೆಯ ಮೇಲೆ ಒಂದು ವರ್ಷಕ್ಕೆಂದು ಅಮೆರಿಕದ ಸ್ಯಾನ್ ಮಟಿಯೋಗೆ ಹೋದೆ. ನಾನಿದ್ದ ಮನೆಯ ಯಜಮಾನಿ ಕ್ಯಾರಲ್ ನರ್ಸು. ಹ್ಯಾಲೋವೀನ್ ದಿನ ಅವಳಿಗೆ ಸಂಜೆಯ ಶಿಫ್ಟು ಬಿದ್ದಿತು. ಆರು ವರ್ಷದ ಮಗಳು ಬೆಕಿಯನ್ನು ಬೀದಿ ಸುತ್ತಿಸಿಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂತು. ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗುತ್ತಾರೆ, ಮನೆಯವರು ಮಿಠಾಯಿ ಕೊಡುತ್ತಾರೆ ಎಂದು ಕ್ಯಾರಲ್ ವಿವರಿಸಿದಾಗ ನನಗೆ ನಗು ಬಂತು. ಇದನ್ನು ನನಗೆ ಹೇಳಿಕೊಡಬೇಕೆ? ಹಾಡು ಹೇಳಬೇಕೋ ಎಂದು ಕೇಳಿದೆ. ಬೇಕಾದರೆ ಹೇಳು, ಯಾರು ಬೇಡ ಅಂತಾರೆ ಎಂದಳು.

ಬೆಕಿ ಹೋದ ವರ್ಷ ಜ್ವರ ಬಂದು ಮಲಗಿದ್ದಳು. ಪಕ್ಕದ ಮನೆಯ ಟಾಡ್ ಮಿಠಾಯಿ ತುಂಬಿದ ದಿಂಬಿನ ಚೀಲವನ್ನು ತಂದು ಅವಳ ಕಿಟಕಿಯ ಹೊರಗೆ ಅಲ್ಲಾಡಿಸಿ ಹೋಗಿದ್ದನಂತೆ. ಈ ಸಲ ತನ್ನ ಚೀಲವೂ ತುಂಬಲೇಬೇಕು. ಅದಕ್ಕಾಗಿ ಕೆಂಪು ಅಂಗಿಯ ಹೊಟ್ಟೆಗೆ ಹಳೆಯ ಪೇಪರು ತುರುಕಿಸಿಕೊಂಡು ಟೊಮೆಟೊ ಆಗಿದ್ದಳು. ನಾನು ರೇಷ್ಮೆ ಲಂಗದಾವಣಿ ಉಟ್ಟೆ. ದಾರಿಯುದ್ದಕ್ಕೂ ಜನ ನನ್ನ ವೇಷವನ್ನು ಹೊಗಳಿದರು.

ಮೊದಲ ಮನೆಯಲ್ಲಿ ಒಬ್ಬ ಮುದುಕ ಬಾಗಿಲು ತೆರೆದ. ನಾನು ಕೈಕಟ್ಟಿ ನಿಂತು ಅಜ್ಜಿಯ ಗೊಂಬೆ ಹಾಡು ಶುರುಮಾಡಿದೆ.

"ಪಟ್ಟದ ಗೊಂಬೆ ಬಂದಾಳೆ, ಪುಟ್ಟ ಹೆಜ್ಜೆ ಇಟ್ಟಾಳೆ..."

ನಾಲ್ಕು ನುಡಿ. ಎರಡನೆಯದಕ್ಕೇ ಮುದುಕ ಮೂರು ಚಾಕೊಲೇಟು ಚೀಲಕ್ಕೆ ಹಾಕಿ, ಸಾಕು ಎಂಬಂತೆ ಕೈ ಮುಗಿದ. ಅರ್ಧಕ್ಕೆ ನಿಲ್ಲಿಸಿದರೆ ಅರ್ಧ ಭಿಕ್ಷೆಯಾಗುತ್ತದಲ್ಲ! ಪೂರ್ತಿ ಹಾಡಿದೆ. ಮೂರನೇ ಮನೆಯ ನಾಯಿ ನನ್ನ ಜೊತೆ ದನಿಗೂಡಿಸಿತು. ಐದನೇ ಮನೆಯವರು ಒಳಗಿದ್ದ ಅತ್ತೆಯನ್ನು ಕರೆದು ಕೂರಿಸಿ ಮೊದಲಿನಿಂದ ಹಾಡಿಸಿದರು. ನಮ್ಮ ಹಿಂದೆ ಎರಡು ದೆವ್ವ, ಒಬ್ಬ ಕಡಲ್ಗಳ್ಳ, ಒಂದು ಬಾಳೆಹಣ್ಣು ಸಾಲುಗಟ್ಟಿ ನಿಂತು ಕಾಲು ಬದಲಾಯಿಸುತ್ತಿದ್ದವು.

ಗೊರಿಲ್ಲಾ ವೇಷದ ಟಾಡ್ ಭಾರದ ಚೀಲವನ್ನು ಎಳೆಯುತ್ತಾ ನಮ್ಮನ್ನು ದಾಟಿ ಹೋದ. ಬೆಕಿ ನನ್ನ ದಾವಣಿ ಜಗ್ಗಿದಳು.

"ಟ್ರಿಕ್ ಆರ್ ಟ್ರೀಟ್ ಅಂದ್ರೆ ಸಾಕು, ನಿರು. ಅಷ್ಟೇ ಹೇಳೋದು."

"ಅದು ಭಿಕ್ಷೆ ಆಗತ್ತೆ ಪುಟ್ಟಿ."

"ಅಲ್ಲ. ಅದು ಹ್ಯಾಲೋವೀನ್ ಆಗತ್ತೆ."

ಹನ್ನೊಂದನೇ ಮನೆ ಮುಗಿದಾಗ ಎಂಟು ಗಂಟೆಯಾಗಿತ್ತು. ಮನೆಗಳ ಮುಂದಿನ ದೀಪಗಳು ಒಂದೊಂದಾಗಿ ಆರುತ್ತಿದ್ದವು. ದೀಪ ಆರಿದ ಮನೆಯ ಬಾಗಿಲು ತಟ್ಟಬಾರದು ಎಂಬುದು ಅಲ್ಲಿಯ ಪದ್ಧತಿ. ಕೊನೆಯಲ್ಲಿ, ಹೆದ್ದಾರಿಯ ಗೋಡೆಗೆ ಅಂಟಿದ ಮನೆಯೊಂದರಲ್ಲಿ ಮಾತ್ರ ಬೆಳಕಿತ್ತು. ಚೀಲ ಕಾಲುಭಾಗವೂ ತುಂಬಿರಲಿಲ್ಲ. ಮಂಜಿನಲ್ಲಿ ಹಾಡಿ ಹಾಡಿ ನನ್ನ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಬೆಕಿ ಗಂಟೆ ಒತ್ತಿದಳು.

ಬಾಗಿಲು ತೆರೆದ ಹೆಂಗಸು ಹತ್ತಿ ಸೀರೆ ಉಟ್ಟಿದ್ದರು. ನನ್ನ ದಾವಣಿಯನ್ನು ಮೇಲಿಂದ ಕೆಳಗೆ ನೋಡಿದರು.

"ಯಾರ ಮನೆ ಹುಡುಗಿನಮ್ಮಾ ನೀನು?"

ಮೂರು ತಿಂಗಳ ಮೇಲೆ ಕಿವಿಗೆ ಬಿದ್ದ ಕನ್ನಡ. ಮೈಸೂರು ಎಂದು ಹೇಗೋ ಗೊರಗೊರ ಮಾಡಿದೆ. ಅವರ ಹೆಸರು ಜಲಜಾ, ಅವರೂ ಮೈಸೂರಿನವರೇ. ಅಂಗಡಿಯಿಂದ ಮೂರು ಮೂಟೆ ಮಿಠಾಯಿ ತಂದಿಟ್ಟುಕೊಂಡು ಕಾಯುತ್ತಿದ್ದರಂತೆ, ಈ ಮೂಲೆಗೆ ಒಂದು ಮಗುವೂ ಬಂದಿರಲಿಲ್ಲ. ಒಳಗೆ ಹೋಗಿ ಮೂಟೆಗಳನ್ನು ತಂದವರು ಬಾಗಿಲಲ್ಲೇ ನಿಂತುಬಿಟ್ಟರು.

"ಮೈಸೂರೋಳಾಗಿ ಸುಮ್ನೆ ನಿಂತಿದೀಯಲ್ಲೇ? ಹಾಡು ಹೇಳು, ಆಮೇಲೆ ಚರ್ಪು."

ಬಾಯಿ ತೆರೆದೆ. ಗಾಳಿ ಬಂತು. ಇನ್ನೊಮ್ಮೆ ತೆರೆದೆ, ಕೆಮ್ಮು ಬಂತು. ಬೆಕಿ ನನ್ನನ್ನು ನೋಡಿದಳು, ಮೂಟೆಗಳನ್ನು ನೋಡಿದಳು. ಆಮೇಲೆ ಟೊಮೆಟೊ ಹೊಟ್ಟೆಯ ಮೇಲೆ ಎರಡೂ ಕೈ ಕಟ್ಟಿದಳು.

"ಪತ್ತದ ಗೊಂಬೆ ಬಂದಾಲೆ, ಪುತ್ತ ಹೆಜ್ಜೆ ಇತ್ತಾಲೆ..."

ಹನ್ನೊಂದು ಸಲ ಕೇಳಿದ್ದಳಲ್ಲ, ನಾಲ್ಕು ನುಡಿಯನ್ನೂ ಬಿಡದೆ ಹಾಡಿದಳು. ಹಿಂದಿನ ಮನೆಯಲ್ಲಿ ನಾನು ಹಾಡಿನ ನಡುವೆ ಕೆಮ್ಮಿದ್ದ ಜಾಗದಲ್ಲಿ ಕೆಮ್ಮಿದಳು ಕೂಡ. ಜಲಜಾ ಬಾಗಿಲ ಚೌಕಟ್ಟು ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೂರೂ ಮೂಟೆ ಚೀಲಕ್ಕೆ ಸುರಿದರು. ಚೀಲವನ್ನು ಎತ್ತಲಾರದೆ ಬೆಕಿ ಅದರ ಮೇಲೆ ಕೂತಳು, ಹೊಟ್ಟೆಯ ಪೇಪರು ಪರಪರ ಅಂದಿತು. ಟಾಡ್ ಮನೆಯ ಕಿಟಕಿ ಯಾವುದೆಂದು ಆಗಲೇ ಯೋಚಿಸುತ್ತಿದ್ದಳು.

ಜಲಜಾ ಮತ್ತೆ ಒಳಗೆ ಹೋಗಿ, ದೀಪಾವಳಿಗೆ ಮಾಡಿ ಉಳಿದಿದ್ದ ಕೋಡುಬಳೆ ತಂದು ನನ್ನ ಮುಂದೆ ಹಿಡಿದರು.

"ನೀನು ಹಾಡ್ಲಿಲ್ಲ. ಹಾಳಾಗ್ಲಿ, ತೊಗೋ."

ಕೈ ಚಾಚಿದೆ. ನಾಲ್ಕು ತಿಂದೆ. ಅಜ್ಜಿಗೆ ಕೊಟ್ಟ ಮಾತು ಮುರಿಯಿತು.