ಸೀತುವಿನ ಕಾಲು

"ಬೂಟು ಹಾಕು ಅಂದೆ. ಡ್ಯಾಡಿಯ ಕಾಲಿಗೆ ಬೂಟು ಹಾಕು."

"ಮಮ್ಮಿ, ಅಧ್ಯಕ್ಷರ ಕಾರು ಸಂಟ್ಯಾರ್ ದಾಟಿದೆಯಂತೆ. ಅವರು ಡ್ಯಾಡಿಯ ಕಾಲು ತೊಳೆದ ಕೂಡ್ಲೇ ಹಾಕುದು."

"ಯಾರ ಕಾಲನ್ನು ಯಾರು ತೊಳೆಯುದು? ಆ ಉದಯಶಂಕರನಾ? ಅವನ ಕೈ ನನ್ನ ಗಂಡನಿಗೆ ತಾಗುದಕ್ಕೆ ಮೊದಲು ಈ ಪೆಟ್ಟಿಗೆಯ ಮುಚ್ಚಳ ಹಾಕ್ತೇನೆ ನಾನು."

ಕೊಂಕಣಿಯಲ್ಲಿ ಶುರುವಾದ ಜಗಳವನ್ನು ಫ್ಲಾವಿಯಾ ಬೇಕೆಂದೇ ಕನ್ನಡಕ್ಕೆ ತಂದಿದ್ದಳು. ಅಂಗಳದ ಶಾಮಿಯಾನದಡಿ ಕೂತವರಿಗೂ ಕೇಳಲಿ ಎಂದು. ಮಗ ರೋಯ್ಸ್ಟನ್ ಶವಪೆಟ್ಟಿಗೆಯ ಕಾಲ ಬದಿಯಲ್ಲಿ ನಿಂತಿದ್ದ. ಒಂದು ಕೈಯಲ್ಲಿ ಅಪ್ಪನ ಕಪ್ಪು ಬೂಟು, ಇನ್ನೊಂದರಲ್ಲಿ ಕಾಲುಚೀಲ. ಲಿಗೋರಿ ಕ್ರಾಸ್ತಾ ಗುಂಡಿ ಕೂಡದ ಹಳೇ ಮದುವೆ ಕೋಟು ಹಾಕಿ, ಬೆರಳಿಗೆ ಜಪಸರ ಸುತ್ತಿಕೊಂಡು, ಬರಿಗಾಲಲ್ಲಿ ಮಲಗಿದ್ದರು.

"ಮೂರು ಕಾಲೇಜು ಉಂಟು ಅವರ ಕೈಯಲ್ಲಿ." ರೋಯ್ಸ್ಟನ್ ಸ್ವರ ತಗ್ಗಿಸಿದ. "ಎಲ್ಲ ಕಡೆಯ ತರಬೇತಿ ನಮ್ಮ ಸಂಸ್ಥೆಗೇ ಕೊಡ್ತಾರಂತೆ, ಡ್ಯಾಡಿಯ ಹೆಸರಲ್ಲಿ. ಇಲ್ಲದಿದ್ರೆ ಆಫೀಸು ಮುಚ್ಚುದೇ."

"ಮುಚ್ಚು. ಅದನ್ನು ಮುಚ್ಚಿಸ್ಲಿಕ್ಕೆ ಮೊದಲು ಕೈ ಹಾಕಿದವನು ಅವನೇ. ಈಗ ಅವನ ಕೈಯಿಂದಲೇ ತೆರೆಸ್ತೀಯಾ? ನಾಚಿಕೆ ಆಗುದಿಲ್ವ ನಿನಗೆ?"

"ಡ್ಯಾಡಿ ಇದ್ದಿದ್ರೆ ಕ್ಷಮಿಸ್ತಿದ್ರು."

"ಡ್ಯಾಡಿ ಇಲ್ಲ. ನಾನು ಇದ್ದೇನೆ."

ನೆರೆಮನೆಯ ಹಾರಿಸ್, ಶಾಮಿಯಾನದ ಅಂಗಡಿಯವನು, ಕುರ್ಚಿಗಳನ್ನು ಹರಡುತ್ತಾ ಬಾಗಿಲಿಗೆ ಬಂದ. "ಫ್ಲಾವಿಯಕ್ಕ, ಇಗರ್ಜಿಗೆ ಹೊರಡುವ ಹೊತ್ತಾಯ್ತು. ಸಾಕು ಮಾಡಿ ಮಾರಾಯ್ರೆ. ಇಲ್ಲದಿದ್ರೆ ಮಾಷ್ಟ್ರು ಎದ್ದು ಕೂತು ನಿಮಗಿಬ್ಬರಿಗೂ ತರಬೇತಿ ಶುರು ಮಾಡಿಯಾರು."

ಹೊರಗೆ ಯಾರೋ ನಕ್ಕು, ಅದನ್ನು ಕೆಮ್ಮು ಮಾಡಿದರು.

ಗೋಡೆಗೆ ಒರಗಿ ಕೂತ ಸೀತು ನಗಲಿಲ್ಲ. ಈಶ್ವರಮಂಗಲದಿಂದ ಮೊದಲ ಬಸ್ಸಿಗೆ ಬಂದಿದ್ದಳು. ಚಪ್ಪಲಿ ಮೆಟ್ಟಿಲ ಕೆಳಗೆ ಬಿಟ್ಟು, ಪೆಟ್ಟಿಗೆಯ ಬಳಿ ಕೈ ಮುಗಿದು ಕೂತವಳು ಹಾಗೇ ಇದ್ದಳು.

*

ಲಿಗೋರಿ ಮೊದಲು ಹಳ್ಳಿ ಶಾಲೆಯ ಮಾಷ್ಟ್ರು. ಒಂದು ಗರಿಗಳ ಭಾನುವಾರ ಇಗರ್ಜಿಯ ಅಂಗಳದಲ್ಲಿ, ಊರವರೆಲ್ಲರ ಎದುರು, ಪಾದ್ರಿಗಳು ಅವರನ್ನು ಯಾವುದೋ ಸಣ್ಣ ಕಾರಣಕ್ಕೆ ಹಿಗ್ಗಾಮುಗ್ಗಾ ಬೈದಿದ್ದರು. ಅದೇ ವಾರದ ಗುರುವಾರ, ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಇಗರ್ಜಿಯಲ್ಲಿ ಕಾಲು ತೊಳೆಸಿಕೊಳ್ಳುವ ಹನ್ನೆರಡು ಮಂದಿಯ ಸಾಲಿನಲ್ಲಿ ಲಿಗೋರಿಯೂ ಕೂತಿದ್ದರು. ಬೈದ ಪಾದ್ರಿಗಳೇ ಬಂದು ಮೊಣಕಾಲೂರಿದರು. ಕಾಲು ತೊಳೆದರು, ಒರೆಸಿದರು, ಮುತ್ತಿಟ್ಟರು.

"ಅಧಿಕಾರ ಇರುವವನ ನೆತ್ತಿಯನ್ನು ಆವತ್ತು ಮೊದಲ ಸಲ ಮೇಲಿಂದ ನೋಡಿದೆ," ಎಂದು ಲಿಗೋರಿ ಮನೆಗೆ ಬಂದು ಹೆಂಡತಿಗೆ ಹೇಳಿದ್ದರು. "ಕೂದಲೇ ಇರಲಿಲ್ಲ ಪಾಪ. ಸಿಟ್ಟು ಎಲ್ಲಿಗೆ ಹೋಯ್ತೋ ಗೊತ್ತಿಲ್ಲ."

ಮುಂದೆ ಶಾಲೆ ಬಿಟ್ಟು ನಾಯಕತ್ವ ಕಲಿಸುವ ಕೆಲಸ ಹಿಡಿದರು. ಸೊಸೈಟಿ, ಸಂಘ, ಶಾಲೆಗಳ ಮುಖ್ಯಸ್ಥರಿಗೆ. ಎಲ್ಲ ಕಡೆಯೂ ಕೊನೆಗೆ ಒಂದು ಬೋಗುಣಿ ನೀರು, ಒಂದು ಟವೆಲು. ಅಲ್ಲಿನ ಅತಿ ಸಣ್ಣ ಕೆಲಸದವರ ಕಾಲನ್ನು ಅಲ್ಲಿನ ದೊಡ್ಡವರು ತೊಳೆಯಬೇಕು. ಯೇಸುವಿನ ಹೆಸರು ಎತ್ತುತ್ತಿರಲಿಲ್ಲ. ಆದರೆ ಎಲ್ಲಿಂದ ತಂದದ್ದು ಎಂದು ಯಾರಾದರೂ ಕೇಳಿದರೆ ಮುಚ್ಚಿಡುತ್ತಲೂ ಇರಲಿಲ್ಲ.

ಪುತ್ತೂರಿನ ಒಂದು ಸೊಸೈಟಿಯಲ್ಲಿ ಅಧ್ಯಕ್ಷ ಉದಯಶಂಕರ. ಗುಡಿಸುವ ಕೆಲಸಕ್ಕಿದ್ದವಳು ಸೀತು. ಹಿಡಿಸೂಡಿ ಹಿಡಿದು ಹೋಗುತ್ತಿದ್ದವಳನ್ನು ಲಿಗೋರಿ ಕರೆದು ಕುರ್ಚಿಯಲ್ಲಿ ಕೂರಿಸಿದರು. ತೋರಿಸಿಕೊಡಲು ತಾವೇ ಮೊದಲು ಅವಳ ಕಾಲು ತೊಳೆದು, ಟವೆಲನ್ನು ಉದಯಶಂಕರನಿಗೆ ಕೊಟ್ಟರು.

"ಇದನ್ನೆಲ್ಲ ನಿಮ್ಮ ಇಗರ್ಜಿಯಲ್ಲಿ ಇಟ್ಕೊಳ್ಳಿ ಮಾರಾಯ್ರೆ," ಎಂದ ಉದಯಶಂಕರ. "ಗುಡಿಸುವವಳ ಕಾಲು ನಾನು ಮುಟ್ಟುದಿಲ್ಲ." ಟವೆಲನ್ನು ಬೋಗುಣಿಗೆ ಎಸೆದು ಹೊರಗೆ ಹೋದ.

ಹೊರಗೆ ಹೋದವನು ಸುಮ್ಮನಿರಲಿಲ್ಲ. ಮತಾಂತರದ ಮಾಷ್ಟ್ರು ಎಂಬ ಹೆಸರು ಸುಳ್ಯ, ಕಡಬದವರೆಗೂ ಹಬ್ಬಿತು. ಲಿಗೋರಿಯನ್ನು ಕರೆಯುವವರು ನಿಂತರು. ಬೋಗುಣಿ ಬಿಟ್ಟು ಬನ್ನಿ, ಮಾತು ಮಾತ್ರ ಸಾಕು ಎಂದವರೂ ಇದ್ದರು. ಲಿಗೋರಿ ಒಪ್ಪಲಿಲ್ಲ. ಕೊನೆಗೆ ಉಳಿದದ್ದು ಸ್ವಸಹಾಯ ಸಂಘಗಳ ಹೆಂಗಸರು, ಅಂಗನವಾಡಿಯವರು.

ಸೀತುವಿನ ಕೆಲಸವೂ ಹೋಗಿತ್ತು. ಲಿಗೋರಿ ಅವಳ ಮನೆ ಹುಡುಕಿಕೊಂಡು ಹೋದರು.

"ಕಾಲು ತೊಳೀರಿ ಅಂತ ನಾನು ಹೇಳಿದ್ದಾ ಮಾಷ್ಟ್ರೆ?" ಸೀತು ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು. "ನಿಮ್ಮ ಹಟಕ್ಕೆ ನನ್ನ ಕಾಲೇ ಬೇಕಿತ್ತಾ?"

ಆ ದಿನ ಲಿಗೋರಿ ಊಟ ಮಾಡಲಿಲ್ಲ. "ಸ್ವಾಮಿ ಕಾಲು ತೊಳೀಲಿಕ್ಕೆ ಬಂದಾಗ ಶಿಷ್ಯ ಪೇತ್ರ ಮೊದಲು ಬೇಡ ಅಂದಿದ್ದ," ಎಂದರು ಫ್ಲಾವಿಯಾಳಿಗೆ. "ಅವನ ಮಾತು ಕೇಳಿ, ಉತ್ತರ ಕೊಟ್ಟು, ಮತ್ತೆ ಸ್ವಾಮಿ ಅವನ ಕಾಲು ಮುಟ್ಟಿದ್ದು. ಪ್ರತಿ ವರ್ಷ ಇಗರ್ಜಿಯಲ್ಲಿ ಓದುದನ್ನು ಕೇಳ್ತೇನೆ. ಆದ್ರೂ ನಾನು ಸೀತುವನ್ನು ಒಂದು ಮಾತು ಕೇಳ್ಲಿಲ್ಲ."

ಅಂದಿನಿಂದ ಬಗ್ಗುವ ಮೊದಲು ಕೇಳುತ್ತಿದ್ದರು. ಬೇಡ ಎಂದರೆ ಬಿಡುತ್ತಿದ್ದರು. ಬೇಡ ಎನ್ನುವವರೇ ಹೆಚ್ಚು.

"ಕೇಳಿದ್ರೆ ಯಾರು ಹೂಂ ಅಂತಾರೆ? ಹೀಗೆ ಮಾಡಿದ್ರೆ ನಾವು ಉಪವಾಸ ಬೀಳುದು," ಎಂದು ಫ್ಲಾವಿಯಾ ಎಷ್ಟೋ ಸಲ ಸಿಡಿದಿದ್ದಳು. ಲಿಗೋರಿ ನೀರು ಚೆಲ್ಲಿ ಬೋಗುಣಿ ಕವುಚಿ ಹಾಕುತ್ತಿದ್ದರು.

*

ಉದಯಶಂಕರ ಬಂದ. ಬಿಳಿ ಅಂಗಿ, ಕೈಯಲ್ಲಿ ಹೊಸ ಹಿತ್ತಾಳೆಯ ಬೋಗುಣಿ. ಹಿಂದೆ ಒಬ್ಬ ನೀರಿನ ಕೊಡ ಹಿಡಿದು, ಇನ್ನೊಬ್ಬ ವಿಡಿಯೋ ಮಾಡುತ್ತಾ. ನೀರಿಗೆ ಗುಲಾಬಿ ಎಸಳು ಹಾಕಿತ್ತು.

"ಫ್ಲಾವಿಯಕ್ಕ, ಮಾಷ್ಟ್ರು ನನಗೆ ಗುರುಗಳ ಹಾಗೆ," ಎಂದ, ಎಲ್ಲರಿಗೂ ಕೇಳುವಂತೆ. "ಆವತ್ತು ನನ್ನಿಂದ ತಪ್ಪಾಯ್ತು. ಇವತ್ತು ಅವರ ಪಾದ ತೊಳೆದು ಸರಿ ಮಾಡ್ತೇನೆ."

"ಸತ್ತವರ ಕಾಲು ತೊಳೆಯುದು ಸುಲಭ," ಎಂದಳು ಫ್ಲಾವಿಯಾ. "ಅದು ಒದೆಯುದಿಲ್ಲ."

"ಮಮ್ಮಿ, ಸಾಕು."

"ನೀನು ಸುಮ್ಮನಿರು. ಆವತ್ತು ಅವರು ತೊಳಿ ಅಂದದ್ದು ಅವರ ಕಾಲನ್ನಲ್ಲ. ಸೀತುವಿನ ಕಾಲನ್ನು. ಸೀತು ಇಲ್ಲೇ ಇದ್ದಾಳೆ."

ಫ್ಲಾವಿಯಾ ಸೀತುವಿನ ರಟ್ಟೆ ಹಿಡಿದು ಎಬ್ಬಿಸಿದಳು. ಹಾರಿಸನ ಕೆಂಪು ಕುರ್ಚಿಯೊಂದನ್ನು ಪೆಟ್ಟಿಗೆಯ ಬಳಿಗೆ ಎಳೆದು ಅವಳನ್ನು ಕೂರಿಸಿದಳು. "ತೊಳಿ. ತೊಳೆದು ಆಮೇಲೆ ನನ್ನ ಗಂಡನ ಹತ್ತಿರ ಬಾ."

ಇವನು ಈಗ ಓಡುತ್ತಾನೆ ಎಂದುಕೊಂಡಿದ್ದಳು. ಓಡುವುದನ್ನು ನೋಡಲೆಂದೇ ಅವಳ ಮೈಯೆಲ್ಲ ಕಾದಿತ್ತು.

ಉದಯಶಂಕರ ಸುತ್ತ ನೋಡಿದ. ಶಾಮಿಯಾನದಡಿಯ ಜನರೆಲ್ಲ ಎದ್ದು ಬಾಗಿಲಿಗೆ ಬಂದಿದ್ದರು. ಅವನು ತೋಳು ಮಡಚಿದ, ಪ್ಯಾಂಟನ್ನು ತುಸು ಮೇಲೆ ಎಳೆದುಕೊಂಡು ಸೀತುವಿನ ಎದುರು ಮೊಣಕಾಲೂರಿದ. ಬೋಗುಣಿಗೆ ನೀರು ಹೊಯ್ಯಿಸಿ, ವಿಡಿಯೋದವನಿಗೆ ಮೆಲ್ಲಗೆ ಹೇಳಿದ: "ಆ ಬದಿಯಿಂದ ತೆಗಿ. ಮುಖ ಬರಲಿ."

ಅವನ ಕೈ ನೀರಿಗೆ ಇಳಿದು ಮೇಲೆ ಬಂತು. ಸೀತು ಎರಡೂ ಕಾಲುಗಳನ್ನು ಕುರ್ಚಿಯಡಿಗೆ ಎಳೆದುಕೊಂಡಳು.

"ಮುಟ್ಟಬೇಡಿ."

"ಎಂತ?"

"ಮುಟ್ಟಬೇಡಿ ಅಂದೆ." ಅವಳು ಎದ್ದಳು. ಮಾತಾಡಿದ್ದು ಅವನೊಡನೆ ಅಲ್ಲ, ಫ್ಲಾವಿಯಾಳೊಡನೆ. "ಬಾಯಮ್ಮ, ಇವರು ಕೇಳುವ ಜನ ಅಲ್ಲ, ಬಿಡಿ. ನೀವು ಕೇಳ್ಬಹುದಿತ್ತು. ಇಷ್ಟು ವರ್ಷ ಮಾಷ್ಟ್ರೊಟ್ಟಿಗೆ ಇದ್ದವರು ನೀವು."

"ಸೀತು, ನಾನು ನಿನಗೋಸ್ಕರ..."

"ನನಗೋಸ್ಕರ ಅಲ್ಲ. ಆವತ್ತೂ ಅಲ್ಲ, ಇವತ್ತೂ ಅಲ್ಲ." ಸೀತುವಿನ ಸ್ವರ ಏರಿತು. "ಆದ್ರೆ ಮಾಷ್ಟ್ರು ಆಮೇಲೆ ಇನ್ನೊಮ್ಮೆ ಮನೆಗೆ ಬಂದು ಕೇಳಿದ್ರು. ತೊಳೀಲಾ ಅಂತ. ಬೇಡ ಅಂದೆ. ನೀರನ್ನು ಬಸಳೆಯ ಬುಡಕ್ಕೆ ಹೊಯ್ದು ಹೋದ್ರು. ಮತ್ತೆ ವರ್ಷ ವರ್ಷ ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿ ತಂದು ಕೊಟ್ರು. ಕಾಲಿನ ಸುದ್ದಿ ಎತ್ತಲಿಲ್ಲ. ಬೇಡ ಅಂದದ್ದನ್ನು ಕೇಳಿದ ಮನುಷ್ಯ ಅಂತ ನಾನು ಬಂದದ್ದು. ನನ್ನ ಕಾಲು ಹಿಡ್ಕೊಂಡು ನೀವು ನೀವು ಗುದ್ದಾಡ್ಲಿಕ್ಕೆ ಅಲ್ಲ."

ಪೆಟ್ಟಿಗೆಯ ಅಂಚನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಜನ ದಾರಿ ಬಿಟ್ಟರು. ಮೆಟ್ಟಿಲಿಳಿದು, ರಾಶಿಯಲ್ಲಿ ತನ್ನ ಚಪ್ಪಲಿ ಹುಡುಕಿ ಮೆಟ್ಟಿದಳು.

"ಸೀತು, ನಿಲ್ಲು," ಎಂದಳು ಫ್ಲಾವಿಯಾ. "ಮಣ್ಣು ಹಾಕಿ ಹೋಗು."

ಸೀತು ಗೇಟು ದಾಟಿದ್ದಳು. ಹಾರಿಸ್ ಹಿಂದೆ ಹೋಗಲು ಹೆಜ್ಜೆ ಎತ್ತಿ, ನಿಂತ.

ಇಗರ್ಜಿಯ ಗಂಟೆ ಶುರುವಾಯಿತು. ರೋಯ್ಸ್ಟನ್ ಬೂಟು ಹಿಡಿದೇ ನಿಂತಿದ್ದ. ಕೆಳಗೆ ರಸ್ತೆಯಲ್ಲಿ ಬಸ್ಸೊಂದು ನಿಂತು, ಬಾಗಿಲು ಹಾಕಿಕೊಂಡು, ಈಶ್ವರಮಂಗಲದ ಕಡೆಗೆ ಹೊರಟ ಸದ್ದು ಕೇಳಿತು. ಕೆಂಪು ಕುರ್ಚಿಯ ಎದುರು ಉದಯಶಂಕರ ಇನ್ನೂ ಮೊಣಕಾಲ ಮೇಲೇ ಇದ್ದ. ಎರಡೂ ಕೈಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಟವೆಲು ಎಂದ. ಯಾರೂ ಕೊಡಲಿಲ್ಲ.