ಗೇಟಿನ ಹತ್ತಿರ ಕೂತವಳು

ಸಿಟ್ಟಿನಲ್ಲಿ ನಾನು ಹೊಲಿಗೆ ಯಂತ್ರ ಮುಟ್ಟುವುದಿಲ್ಲ, ಬಟ್ಟೆ ಹಾಳಾಗುತ್ತದೆ. ಹಾಗಾಗಿ ಈಚೆಗೆ ನಮ್ಮ ಟೈಲರ್ ಅಂಗಡಿಯ ಕೆಲಸವೆಲ್ಲ ಗಂಡನ ತಲೆಗೇ ಬಿದ್ದಿದೆ.

ಹೊರದೇಶದ ಅನಾಥಾಲಯದ ಒಂದು ಹೆಣ್ಣುಮಗುವನ್ನು ದತ್ತು ಪಡೆಯಲು ಅರ್ಜಿ ಹಾಕಿದಾಗ ಅವಳಿಗಿನ್ನೂ ಐದು ತುಂಬಿರಲಿಲ್ಲ. ಆಮೇಲೆ ಶುರುವಾಯಿತು ಕಚೇರಿಗಳ ಆಟ. ಪೊಲೀಸರ ಪತ್ರ ಕೈಸೇರುವಷ್ಟರಲ್ಲಿ ಡಾಕ್ಟರ ಪತ್ರದ ಅವಧಿ ಮುಗಿದಿರುತ್ತಿತ್ತು. ಅದನ್ನು ಹೊಸದಾಗಿ ತಂದರೆ ಪೊಲೀಸರದ್ದು ಹಳಸಿರುತ್ತಿತ್ತು. ಅಲ್ಲಿನ ಅಧಿಕಾರಿ ರಜೆ, ಇಲ್ಲಿನವನಿಗೆ ವರ್ಗ. ಕೇಳಿದರೆ "ಪ್ರೊಸೆಸ್‌ನಲ್ಲಿದೆ ಮೇಡಂ" ಎಂಬ ಒಂದೇ ಮಂತ್ರ. ಅವರ ಪ್ರೊಸೆಸ್‌ಗಿಷ್ಟು ಬೆಂಕಿ ಹಾಕ!

ವಾರಕ್ಕೊಮ್ಮೆ ವಿಡಿಯೋ ಕರೆಗೆ ಅವಕಾಶವಿತ್ತು. ಅಲ್ಲಿನ ಆಯಾಗೆ ನಮ್ಮ ಭಾಷೆ ಬರುತ್ತಿದ್ದರಿಂದ ಮಾತು ದಾಟಿಸುವವಳು ಅವಳೇ. ಮಗುವಿಗೆ ಬರುವ ದಿನ ಮಾತ್ರ ಹೇಳಬೇಡಿ ಎಂದು ಮೊದಲೇ ಎಚ್ಚರಿಸಿದ್ದಳು. ಆದರೆ ಎದುರು ಮುಖ ಸಪ್ಪಗೆ ಮಾಡಿಕೊಂಡವರನ್ನು ದಿನ ಹೇಳದೆ ಕಳಿಸುವುದು ಯಾವ ಟೈಲರಿಗೆ ಗೊತ್ತು? ಯಾವಾಗ ಬರುತ್ತೀರಿ ಎಂದು ಮಗು ಕೇಳಿದಾಗಲೆಲ್ಲ ಗಂಡ "ಮುಂದಿನ ತಿಂಗಳು ಗ್ಯಾರಂಟಿ, ಪುಟ್ಟಿ" ಎಂದುಬಿಡುತ್ತಿದ್ದ. ಪಕ್ಕದಲ್ಲಿ ಕೂತು ನಾನೂ ಹೂಂಗುಟ್ಟುತ್ತಿದ್ದೆ. ಅಂಗಿ ತಡವಾದ ಗಿರಾಕಿ ಬೈದು ಹೋದರೂ ಮತ್ತೆ ಬರುತ್ತಾನಲ್ಲ, ಹಾಗೆಂದುಕೊಂಡಿದ್ದೆವು.

ಕಚೇರಿಗಳ ಕೃಪೆಯಿಂದ ಅವಳಿಗೆ ಏಳು ತುಂಬಿತು. ಆ ದೇಶದಲ್ಲಿ ಏಳು ತುಂಬಿದ ಮಗುವನ್ನು ಅದರ ಒಪ್ಪಿಗೆಯಿಲ್ಲದೆ ಕೊಡುವುದಿಲ್ಲವಂತೆ. ನಾನು ಹೆದರಲಿಲ್ಲ. ನಮ್ಮ ಪುಟ್ಟಿ ಬೇಡ ಎನ್ನುತ್ತಾಳೆಯೇ?

ಇವತ್ತು ಆಯಾ ಫೋನ್ ಮಾಡಿದಳು. "ಜಡ್ಜ್ ಕೇಳಿದ್ರು ಅಕ್ಕಾ. ಬೇಡ ಅಂದ್ಬಿಟ್ಳು."

"ನೀವೇ ಏನೋ ಅವಳ ತಲೆಗೆ ತುಂಬಿದೀರ!" ಕಿರುಚಿದೆ.

"ತುಂಬಿದ್ದು ನೀವು. ಪ್ರತಿ ತಿಂಗಳೂ ಬ್ಯಾಗ್ ಹಿಡ್ಕೊಂಡು ಗೇಟ್ ಹತ್ರ ಕೂರ್ತಿದ್ಲು. ಊಟಕ್ಕೆ ಕರೆದ್ರೂ ಏಳ್ತಿರ್ಲಿಲ್ಲ. ಉಳಿದ ಮಕ್ಕಳು ನಗೋರು. ಅವರು ಬರಲ್ಲ, ನಾನಿನ್ನು ಕಾಯಲ್ಲ ಅಂದ್ಳು."

ಗಂಡ ಯಂತ್ರ ನಿಲ್ಲಿಸಿದ್ದ. ಅವನ ಮುಖಕ್ಕೆ ಉಗಿಯಬೇಕೆನ್ನಿಸಿತು. ಉಗಿದಿದ್ದರೆ ಅರ್ಧ ನನ್ನ ಮುಖಕ್ಕೇ ಬೀಳುತ್ತಿತ್ತು.

"ಜಡ್ಜ್ ಇನ್ನೊಂದ್ಸಲ ಕೇಳ್ತಾರಂತೆ," ಎಂದಳು ಆಯಾ. "ಇಲ್ಲೇ ಪಕ್ಕದಲ್ಲಿದಾಳೆ. ಏನ್ ಹೇಳ್ಲಿ?"

ಗಂಡ ಬಾಯಿ ತೆರೆದ. ಅವನ ಬಾಯಿಗೆ ಕೈ ಅಡ್ಡ ಇಟ್ಟೆ.

"ಯಾವಾಗ ಬರ್ತೀವೋ ನಮಗೇ ಗೊತ್ತಿಲ್ಲ ಅಂತ ಹೇಳಿ."

ಆ ಕಡೆ ಏನೋ ಮಾತಾಯಿತು. "ಮೊದಲಿಂದ್ಲೂ ಗೊತ್ತಿರ್ಲಿಲ್ವಾ ಅಂತ ಕೇಳ್ತಿದಾಳೆ ಅಕ್ಕಾ."

"ಇರ್ಲಿಲ್ಲ ಅನ್ನಿ."

ಆಯಾ ಹೇಳಿದಳು. ಆಮೇಲೆ ನನಗೆ ಕೇಳಿಸಿದ್ದು ಆ ಕಡೆ ಪುಟ್ಟ ಕಾಲುಗಳು ಓಡಿದ ಸದ್ದು, ಬಾಗಿಲು ದಢಾರನೆ ಬಡಿದ ಸದ್ದು ಮಾತ್ರ.